ಗೈಡಿನಲ್ಲಿ ಸಿಕ್ಕ ಅಜ್ಜಿ

ಮೊನ್ನೆ ಮಗಳಿಗೆ ಲಾಂಗ್ ಬುಕ್ ತರಲು ತಿಪಟೂರಿಗೆ ಹೋಗಿದ್ದೆ. ಅಂಗಡಿಯವರು ಪುಸ್ತಕಗಳನ್ನು ದಾರದಲ್ಲಿ ಕಟ್ಟಿ, ಕಟ್ಟಿನ ಮೇಲೆ ಒಂದು ಕೆಂಪು ಪೆನ್ನು ಸಿಕ್ಕಿಸಿ, "ಇದು ಫ್ರೀ ಕಣಕ್ಕ" ಎಂದರು.

"ನೀಲಿ ಇದ್ರೆ ಕೊಡಪ್ಪ. ಕೆಂಪು ಬ್ಯಾಡ."

"ಫ್ರೀ ಕೊಡೋದು ಕೆಂಪು ಮಾತ್ರ."

"ಹಂಗಾದ್ರೆ ನೀನೇ ಇಟ್ಕೊ!"

ಇಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಪಕ್ಕದಲ್ಲಿ ಸ್ಕೇಲು ಆರಿಸುತ್ತಿದ್ದ ಹೆಂಗಸು ಒಂದು ಹೆಜ್ಜೆ ಆಚೆ ಸರಿದರು. ಒಂದು ಪೆನ್ನಿಗೆ ಇಷ್ಟು ಸಿಟ್ಟೇ ಎಂದು ನಿಮಗೂ ಅನ್ನಿಸಬಹುದು. ಕಥೆ ಕೇಳಿದ ಮೇಲೆ ಹೇಳಿ.

ನಮ್ಮದು ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗುವ ಒಂದು ಊರು. ತೋಟ, ಎರಡು ಹಸು, ನಮ್ಮ ಯಜಮಾನರು, ಅತ್ತೆ ಗಂಗಮ್ಮನವರು, ನಾನು, ಮಗಳು ಸಿಂಚನ. ಅವಳನ್ನು ಒಂದನೇ ತರಗತಿಯಿಂದಲೂ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೇ ಕಳಿಸುತ್ತಿದ್ದೆವು. ಬೆಳಿಗ್ಗೆ ವ್ಯಾನು ಬಂದು ಹೊತ್ತೊಯ್ಯುತ್ತಿತ್ತು, ಸಂಜೆ ತಂದು ಹಾಕುತ್ತಿತ್ತು. ಮಧ್ಯೆ ಏನಾಗುತ್ತದೆ ಎಂದು ನಾನು ಹೆಚ್ಚು ಕೇಳಿದವಳಲ್ಲ. ಬಿ.ಎ.ಯಲ್ಲಿ ಕನ್ನಡ ಮೇಜರ್ ಓದಿದವಳು, ಕೇಳಬೇಕಿತ್ತು. ಕೇಳಲಿಲ್ಲ. ಆ ಬೈಗುಳವನ್ನು ನನಗೆ ನಾನೇ ಬೈದುಕೊಂಡಾಗಿದೆ, ನೀವು ಬೈಯುವುದು ಬೇಡ.

ಅವಳು ಏಳನೇ ತರಗತಿಗೆ ಬಂದ ಹೊಸದರಲ್ಲಿ 'ತೆಂಗಿನ ಮರ' ಎಂದು ಕನ್ನಡದಲ್ಲಿ ಪ್ರಬಂಧ ಬರೆಯಲು ಕೊಟ್ಟರು. ಇವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಒಂದೂವರೆ ಪುಟ ಬರೆದಳು. ಬಾವಿಯ ಪಕ್ಕದ ಬಾಗಿದ ಮರಕ್ಕೆ ನಾವು 'ಸೊಟ್ಟಕ್ಕ' ಎನ್ನುವುದನ್ನು ಬರೆದಳು. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಡಬೇಕು, ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ, ಇಲಿ ಓಡಿದರೆ ಅಟ್ಟವೇ ಮಾತಾಡಿದ ಹಾಗೆ ಕೇಳುತ್ತದೆ ಎಂದೂ ಬರೆದಳು. 'ಅಟ್ಟವೇ ಮಾತಾಡಿದ ಹಾಗೆ!' ಹನ್ನೆರಡು ವರ್ಷದ ಹುಡುಗಿ ಬರೆದದ್ದು. ನಾನು ಸೌಟು ಹಿಡಿದುಕೊಂಡೇ ಎರಡು ಸಲ ಓದಿದೆ.

ಮೂರು ದಿನದ ಮೇಲೆ ಪುಸ್ತಕ ವಾಪಸ್ ಬಂತು. ಒಂದೂವರೆ ಪುಟಕ್ಕೂ ಮೂಲೆಯಿಂದ ಮೂಲೆಗೆ ಕೆಂಪು ಗೀಟು. ಕೆಳಗೆ ಸೊನ್ನೆ, ಪಕ್ಕದಲ್ಲಿ 'ಗೈಡ್ ನೋಡಿ ಬರೆ.' ಗೈಡ್ ತೆಗೆದು ನೋಡಿದೆ. ಮೊದಲನೇ ಸಾಲು: 'ತೆಂಗಿನ ಮರವು ಸಮುದ್ರ ತೀರದಲ್ಲಿ ಬೆಳೆಯುತ್ತದೆ.'

ನೀವೇ ಹೇಳಿ. ನಮ್ಮ ಹಿತ್ತಲಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ತೆಂಗು. ಸಮುದ್ರ ಎಲ್ಲಿದೆ? ನಮ್ಮತ್ತೆ ಅದನ್ನು ಜೀವಮಾನದಲ್ಲಿ ಒಂದೇ ಸಲ, ಪ್ರವಾಸ ಹೋದಾಗ ನೋಡಿದವರು. ನೋಡಿ, "ಇಷ್ಟು ನೀರಿದ್ದೂ ಒಂದು ಗಿಡಕ್ಕೆ ಹಾಕಂಗಿಲ್ವಲ್ಲ" ಎಂದು ಮರುಗಿ ಬಂದಿದ್ದರು. ಇರಲಿ, ಅಷ್ಟಕ್ಕೇ ಶಾಲೆಗೆ ಹೋಗಿ ಜಗಳವಾಡುವುದು ಬೇಡ ಎಂದು ಯಜಮಾನರು ತಡೆದರು. ನಾನೂ ನುಂಗಿಕೊಂಡೆ.

ಮುಂದಿನ ಪ್ರಬಂಧ 'ನನ್ನ ಅಜ್ಜಿ'. ಈ ಸಲ ಸಿಂಚನ ಬಾಗಿಲಲ್ಲಿ ಕೂರಲಿಲ್ಲ. ಒಳಗೆಲ್ಲೋ ಬೇಗ ಬೇಗ ಬರೆದು ಮುಗಿಸಿದಳು. ಹತ್ತಕ್ಕೆ ಹತ್ತು ಬಂತು. ಅತ್ತೆಗೆ ಖುಷಿಯೋ ಖುಷಿ. ಜಗಲಿಯ ಮೇಲೆ ಕಾಲು ಚಾಚಿ ಕೂತು, "ನನ್ ಬಗ್ಗೆ ಏನ್ ಬರ್ದಿದ್ದೀಯ, ಗಟ್ಟಿಯಾಗಿ ಓದೇ" ಎಂದರು.

ಅವಳು ತಲೆ ಬಗ್ಗಿಸಿಕೊಂಡು ಓದಿದಳು. "ನನ್ನ ಅಜ್ಜಿಯ ಹೆಸರು ಲಕ್ಷ್ಮಿ. ಅವರು ನನ್ನನ್ನು ಪ್ರತಿದಿನ ಉದ್ಯಾನವನಕ್ಕೆ ಕರೆದುಕೊಂಡು ಹೋಗುತ್ತಾರೆ. ಅವರು ಕನ್ನಡಕ ಧರಿಸಿ ದಿನಪತ್ರಿಕೆ ಓದುತ್ತಾರೆ."

ಅತ್ತೆ ಚಾಚಿದ್ದ ಕಾಲು ಮಡಚಿಕೊಂಡರು.

"ಯಾರೇ ಅವ್ಳು ಲಕ್ಷ್ಮಿ?" ಎಂದರು ಅತ್ತೆ.

"ಗೈಡಲ್ಲಿರೋ ಅಜ್ಜಿ."

"ನಾನು ಬದುಕಿರೋವಾಗ್ಲೇ ಇನ್ನೊಬ್ಳನ್ನ ತಂದ್ಯಲ್ಲೇ! ನಾನೇನ್ ಮಾಡಿದ್ದೆ ನಿಂಗೆ?"

ಅತ್ತೆ ಅರ್ಧ ತಮಾಷೆಗೇ ಹೇಳಿದ್ದು. ಆದರೆ ಇನ್ನರ್ಧ ತಮಾಷೆಯಲ್ಲ ಎಂದು ಅವರ ದನಿ ಹೇಳುತ್ತಿತ್ತು. ಸಿಂಚನ ಅಳಲಿಲ್ಲ. "ನಿನ್ ಬಗ್ಗೆ ಬರ್ದಿದ್ರೆ ಸೊನ್ನೆ ಹಾಕ್ತಿದ್ರು ಅಜ್ಜಿ" ಎಂದಳು, ಅಷ್ಟೆ. ನನಗೆ ತಡೆಯಲಾಗದೆ ಹೋದದ್ದು ಆ ಮಾತು.

ಮಾರನೇ ದಿನ ವ್ಯಾನಿನಲ್ಲೇ ಕೂತು ಶಾಲೆಗೆ ಹೋದೆ. ಕನ್ನಡ ಮಿಸ್ಸು ನಮ್ಮದೇ ಕಡೆಯ ಹುಡುಗಿ, ನನ್ನನ್ನು ನೋಡಿ ಹೆದರಿ, "ಪರೀಕ್ಷೆಲಿ ಹಿಂಗೇ ಬರೀಬೇಕು ಅಂತ ಹೇಳಿದಾರೆ ಮೇಡಂ, ನಾನೇನ್ಮಾಡ್ಲಿ" ಎಂದು ಪ್ರಿನ್ಸಿಪಾಲರ ಕೋಣೆ ತೋರಿಸಿದಳು. ಪ್ರಿನ್ಸಿಪಾಲರು ನನ್ನ ಮಾತನ್ನೆಲ್ಲ ಫೋನು ನೋಡುತ್ತಲೇ ಕೇಳಿ, ಕೊನೆಗೆ ತಲೆಯೆತ್ತಿ ನಕ್ಕರು.

"ಅಜ್ಜಿ ಯಾರಾದ್ರೇನು ಮೇಡಂ, ಮಾರ್ಕ್ಸ್ ಬಂತಲ್ಲ. ನಿಮಗೆ ಅಷ್ಟು ಚೆನ್ನಾಗಿ ಗೊತ್ತಿದ್ರೆ ನೀವೇ ಮನೇಲಿ ಹೇಳ್ಕೊಡಿ."

"ಹೇಳ್ಕೊಡ್ತೀನಿ ಬುಡ್ರೀ!" ಎಂದೆ.

ಹಾಗೆಂದದ್ದು ನಾನೇ ಎಂದು ಗೊತ್ತಾಗುವ ಹೊತ್ತಿಗೆ ಮಗಳ ಬ್ಯಾಗು ನನ್ನ ಹೆಗಲ ಮೇಲಿತ್ತು, ನಾವಿಬ್ಬರೂ ಬಸ್ ಸ್ಟ್ಯಾಂಡಿನಲ್ಲಿದ್ದೆವು. ಜನ ಯೋಚನೆ ಮಾಡಿ, ನಾಲ್ಕು ಜನರನ್ನು ಕೇಳಿ ಇಂಥ ಹೆಜ್ಜೆ ಇಡುತ್ತಾರಂತೆ. ನಾನು ಇಟ್ಟದ್ದು ಬಾಯಿಗೆ ಬಂದ ಒಂದು ಮಾತಿನ ಮೇಲೆ.

ಮನೆಯಲ್ಲಿ ಯಜಮಾನರು ಪೂರ್ತಿ ಕೇಳಿಸಿಕೊಂಡು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಅಂದಿದ್ದಾಯ್ತಲ್ಲ, ಇನ್ನೇನು. ಲೆಕ್ಕ, ವಿಜ್ಞಾನ ನಾನು ನೋಡ್ಕಂತೀನಿ. ಕನ್ನಡ, ಇಂಗ್ಲಿಷು ನಿಂದು" ಎಂದರು. ಐ.ಟಿ.ಐ. ಓದಿದ ಮನುಷ್ಯ, ಮೋಟರು ಬಿಚ್ಚಿದಷ್ಟೇ ಸಲೀಸಾಗಿ ಭಿನ್ನರಾಶಿ ಬಿಚ್ಚುತ್ತಾರೆ. ನೆಂಟರು ಮಾತ್ರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ನಮ್ಮ ನಾದಿನಿ ಫೋನು ಮಾಡಿ, "ಅಲ್ಲ ಕಣತ್ತಿಗೆ, ಹುಡುಗಿನ ಮನೇಲಿಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?" ಎಂದು ಕೇಳಿದಳು. ಶಾಲೆಯವರು ಅಷ್ಟು ವರ್ಷ ಗೈಡಿನಲ್ಲಿ ಅವಳನ್ನು ನೆನೆಹಾಕಿದ್ದರಲ್ಲ, ಆಗ ಯಾರೂ ಕೇಳಲಿಲ್ಲ!

ಆದರೆ ಪಾಠ ಎಲ್ಲಿಂದ ಶುರು ಮಾಡುವುದು? ಫೋನಿನಲ್ಲಿ ಹುಡುಕಿದೆ. ಮನೆಯಲ್ಲೇ ಭಾಷೆ ಕಲಿಸುವವರಿಗೆಂದು ಯಾವುದೋ ದೇಶದವರು ಮೂವತ್ತಾರು ವಾರಗಳ ಪಾಠಪಟ್ಟಿ ಮಾಡಿಟ್ಟಿದ್ದರು. ಓದು, ಬರಹ, ವ್ಯಾಕರಣ, ಕೇಳುವುದು, ಮಾತಾಡುವುದು, ಎಲ್ಲಕ್ಕೂ ಬಣ್ಣದ ಚೌಕಗಳು. ಆಸೆಯಿಂದ ಮೊದಲ ವಾರದ್ದು ತೆರೆದರೆ, 'ಹಿಮ ಬಿದ್ದು ಶಾಲೆಗೆ ರಜೆ ಬಂದ ದಿನದ ಅನುಭವ ಬರೆಯಿರಿ.' ಸಮುದ್ರದಿಂದ ತಪ್ಪಿಸಿಕೊಂಡು ಬಂದರೆ ಹಿಮದಲ್ಲಿ ಬಿದ್ದೆ! ಫೋನು ಬೋರಲು ಹಾಕಿ, ಒಂದು ಲಾಂಗ್ ಬುಕ್ಕಿಗೆ ನಾನೇ ಗೆರೆ ಹೊಡೆದೆ. ಸೋಮವಾರ ಓದು, ಮಂಗಳವಾರ ಬರಹ, ಬುಧವಾರ ಕಿವಿಪಾಠ, ಗುರುವಾರ ವ್ಯಾಕರಣ, ಶುಕ್ರವಾರ ಇಂಗ್ಲಿಷು.

ಓದಿಗೆ ಏನು ಕೊಡಲಿ ಎಂದು ಯೋಚಿಸುವಾಗ ನನ್ನ ಓದು ನೆನಪಾಯಿತು. ನನ್ನ ತವರು ಹುಳಿಯಾರಿನ ಆಚೆ. ನಮ್ಮ ತಾತನಿಗೆ ಓದು ಬರುತ್ತಿರಲಿಲ್ಲ, ಆದರೆ ಮನೆಗೆ ಬರುವ ಲಗ್ನಪತ್ರಿಕೆಗಳಿಗೆ ಲೆಕ್ಕವಿರಲಿಲ್ಲ. ಒಂದೊಂದನ್ನೂ ನಾನು ಅರಿಶಿನದ ಮೂಲೆಯಿಂದ ಹಿಡಿದು ಮುದ್ರಣಾಲಯದ ಹೆಸರಿನವರೆಗೆ ಓದಿ ಹೇಳಬೇಕು. 'ಚಿ॥ ರಾ॥' ಎನ್ನುವುದು ಗಂಡಿನ ಇನಿಷಿಯಲ್ ಎಂದೇ ನಾನು ಬಹಳ ದಿನ ನಂಬಿದ್ದೆ. ಊರಿನ ಎಲ್ಲ ಗಂಡುಗಳಿಗೂ ಒಂದೇ ಇನಿಷಿಯಲ್ ಯಾಕೆ ಎಂದು ಅನುಮಾನ ಬಂದರೂ, ಎಲ್ಲ ಒಂದೇ ವಂಶದವರಿರಬೇಕು ಎಂದುಕೊಂಡಿದ್ದೆ. 'ಆಗಮನಾಭಿಲಾಷಿಗಳು' ಎಂಬ ಪದವನ್ನು ಒಂದೇ ಉಸಿರಿಗೆ ಹೇಳಿದ ದಿನ ತಾತ ತಮ್ಮ ಬೊಗಸೆಯಲ್ಲಿದ್ದ ಹುರಿಗಡಲೆಯನ್ನೆಲ್ಲ ನನ್ನ ಲಂಗಕ್ಕೆ ಸುರಿದಿದ್ದರು. ಆ ನೆನಪಿನ ಧೈರ್ಯದ ಮೇಲೆ ಸಿಂಚನಳಿಗೂ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಸಂಧಿ, ಸಮಾಸ, ಬಹುವಚನ, ವಿಳಾಸ, ಎಲ್ಲ ಅದರೊಳಗೇ ಇತ್ತು. ಅವಳಿಗೂ ಹಿಡಿಸಿತು.

ಬರಹದ ದಿನ ಬಂತು. "ಏನ್ ಬೇಕಾದ್ರೂ ಬರಿ" ಎಂದೆ, ದೊಡ್ಡ ಉದಾರಿಯ ಹಾಗೆ.

ಪೆನ್ನು ಹಿಡಿದು ಕೂತಳು. ಹಾಲು ಕಾಯಿಸಿ ಬಂದೆ, ಹಾಳೆ ಖಾಲಿ. ಕಸ ಗುಡಿಸಿ ಬಂದೆ, ಖಾಲಿ.

"ಎಷ್ಟು ಸಾಲು ಬೇಕು?" ಎಂದಳು.

"ನಿಂಗೆ ಎಷ್ಟು ಬೇಕೋ ಅಷ್ಟು."

"ಗೈಡ್ ಇಲ್ದೆ ಮೊದಲ್ನೇ ಸಾಲು ಹೆಂಗಮ್ಮ ಬರೋದು?"

ಅಟ್ಟ ಮಾತಾಡುತ್ತದೆ ಎಂದು ಬರೆದ ಹುಡುಗಿ! ಒಂದು ಕೆಂಪು ಗೀಟಿಗೆ ಇಷ್ಟು ಶಕ್ತಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಆ ದಿನ ಅವಳು ಏನೂ ಬರೆಯಲಿಲ್ಲ, ಮುಂದಿನ ಮೂರು ಮಂಗಳವಾರವೂ ಬರೆಯಲಿಲ್ಲ.

ದಾರಿ ಸಿಕ್ಕಿದ್ದು ಬುಧವಾರದ ಕಿವಿಪಾಠದಿಂದ. ಆ ವಾರ ತೋಟದಲ್ಲಿ ಕಾಯಿ ಸುಲಿಯಲು ಹನುಮಯ್ಯ ಬಂದಿದ್ದರು. ನೆಲಕ್ಕೆ ಹೂತ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ಮೂರು ತಿರುವಿಗೆ ಮಟ್ಟೆ ಬಿಡಿಸಿ ಎಸೆಯುವ ಮನುಷ್ಯ. ಕೈಯಷ್ಟೇ ವೇಗ ಬಾಯಿಗೂ. "ಹೋಗಿ ಅವ್ರು ಆಡೋ ಮಾತು ಕೇಳಿಸ್ಕೊಂಡು ಬಂದು ಬರಿ" ಎಂದು ಕಳಿಸಿದೆ. ಮಧ್ಯಾಹ್ನ ಬಂದಳು, ಕೆನ್ನೆಯೆಲ್ಲ ಕೆಂಪು, ಎರಡು ಪುಟ ತುಂಬಿತ್ತು. ಹನುಮಯ್ಯನವರು ಮೊದಲ ಸಲ ಕಾಯಿ ಸುಲಿದ ದಿನ ಅಂಗೈ ಸೀಳಿಕೊಂಡದ್ದು, ಅವರಪ್ಪ ಗಾಯಕ್ಕೆ ಬಟ್ಟೆ ಕಟ್ಟಿ, "ಬುಡತ್ತಾಗೆ, ಕೈಗೆ ಬುದ್ಧಿ ಬಂತು ಅನ್ಕೊ" ಎಂದು ಮತ್ತೆ ಕೆಲಸಕ್ಕೆ ನಿಲ್ಲಿಸಿದ್ದು, ತಾವು ಮಾತ್ರ ಮಗನನ್ನು ಆ ಮೊನೆಯ ಹತ್ತಿರಕ್ಕೂ ಬಿಡದೇ ಇದ್ದದ್ದು. ಅವರ ಬಾಯಿಂದ ಬಂದ ಹಾಗೇ ಇತ್ತು.

ನಾನು ಏನು ಮಾಡಿದೆ ಗೊತ್ತೇ? ಹೇಳಲು ನಾಚಿಕೆ. ಟಿ.ವಿ. ಸ್ಟ್ಯಾಂಡಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡು 'ಬುಡತ್ತಾಗೆ' ಹೊಡೆದು ಹಾಕಿ 'ಬಿಡು ಅತ್ತ' ಎಂದು ಬರೆದೆ. 'ಬತ್ತೀನಿ'ಯನ್ನು 'ಬರುತ್ತೇನೆ' ಮಾಡಿದೆ. ಎರಡು ಪುಟದಲ್ಲಿ ಇಪ್ಪತ್ತು ಕಡೆ ತಿದ್ದಿ, ಪ್ರೀತಿಯಿಂದಲೇ ವಾಪಸ್ ಕೊಟ್ಟೆ.

ಸಿಂಚನ ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. "ಅವ್ರು ಹಂಗೇ ಅಂದಿದ್ದು. ನೀನ್ಯಾಕೆ ಅವ್ರ ಬಾಯಿ ತಿದ್ತೀಯ?"

"ಬರಹದಲ್ಲಿ ಹಂಗೆ ಬರಿಬಾರ್ದು ಕಣೇ."

"ಮಿಸ್ಸೂ ಹಿಂಗೇ ಅಂತಿದ್ರು."

ಪುಸ್ತಕ ಮುಚ್ಚಿ ಎದ್ದು ಹೋದಳು. ನನಗೆ ಎಂಥ ರೋಷ ಬಂತೆಂದರೆ, ಹಿತ್ತಲಿಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೇನೆ? ಊರವರ ಬಾಯಿಗೆ ಬಿದ್ದದ್ದು ಯಾರಿಗಾಗಿ? ನನ್ನನ್ನು ಆ ಮಿಸ್ಸಿಗೆ ಹೋಲಿಸುವುದೇ? ಅತ್ತೆ ಜಗಲಿಯಿಂದಲೇ ಕೂಗಿದರು, "ತೂತು ಬಿದ್ದಾತು ಕಣೇ ಆ ತಪ್ಪಲೆ, ಬುಡು!"

ನಾಲ್ಕು ದಿನ ನಮ್ಮಿಬ್ಬರಲ್ಲಿ ಮಾತು ಕಡಿಮೆ. ಐದನೇ ದಿನ ಬೆಳಿಗ್ಗೆ ಸಕ್ಕರೆ ಡಬ್ಬದ ಮೇಲೆ ಒಂದು ಮಡಿಸಿದ ಹಾಳೆ ಇತ್ತು.

'ಇಂದ: ಸಿಂಚನ, ಏಳನೇ ತರಗತಿ, ನಡುಮನೆ. ಗೆ: ಮುಖ್ಯೋಪಾಧ್ಯಾಯಿನಿಯವರು, ಅಡುಗೆಮನೆ. ವಿಷಯ: ನನಗೆ ಆಗುತ್ತಿರುವ ಅನನುಕೂಲಗಳ ಬಗ್ಗೆ. ಮಾನ್ಯರೇ, ನಾನು ಬರೆದು ಮುಗಿಸುವ ಮೊದಲೇ ತಾವು ಹೆಗಲ ಹಿಂದೆ ನಿಂತು ಓದುತ್ತೀರಿ. ತಮ್ಮ ಉಸಿರು ಕೇಳಿದರೆ ನನಗೆ ಮುಂದಿನ ವಾಕ್ಯ ಮರೆಯುತ್ತದೆ. ಹನುಮಯ್ಯಜ್ಜ ಮಾತು ಹೇಳಿದ್ದು ನನಗೆ, ತಮಗಲ್ಲ. ಇಲ್ಲಿ ನಾನು ತಪ್ಪು ಮಾಡಿದರೆ ಪಕ್ಕದಲ್ಲಿ ಕೂತು ನಗಲು ಯಾರೂ ಇಲ್ಲ. ಶಾಲೆಯಲ್ಲಿ ಮಿಸ್ಸಿಗೆ ಕೋಪ ಬಂದರೆ ಸ್ವಲ್ಪ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಇಲ್ಲಿ ಬೆಲ್ ಇಲ್ಲ. ಆದ್ದರಿಂದ ಎಂಟನೇ ತರಗತಿಗೆ ನನ್ನನ್ನು ಶಾಲೆಗೆ ಸೇರಿಸಬೇಕಾಗಿ ಕೋರುತ್ತೇನೆ. ಇದನ್ನು ತಿದ್ದಿ ಕೊಡಬೇಡಿ. ಉತ್ತರ ಕೊಡಿ.'

ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು. ಉಸಿರಂತೆ! ಬೆಲ್ಲಂತೆ! ತಿದ್ದಬೇಡಿ ಎಂದು ಬರೆದಿದ್ದರೂ ಕೈ ಸುಮ್ಮನಿರಲಿಲ್ಲ. 'ಅನನುಕೂಲ'ಕ್ಕೆ ಸುತ್ತ ಗೆರೆ ಎಳೆದು, 'ಅನಾನುಕೂಲ' ಎಂದು ಬರೆದು, ನಡುಮನೆಗೆ ಹೋಗಿ ಅವಳ ಮುಂದೆ ಹಾಕಿದೆ. "ವಿಷಯದ ಸಾಲಲ್ಲೇ ತಪ್ಪು. ಮೊದ್ಲು ಅದನ್ನ ಸರಿಮಾಡು."

ಅವಳು ಎದ್ದು, ನನ್ನ ಬಿ.ಎ. ಕಾಲದ ನಿಘಂಟನ್ನು ತಂದಳು. ಅದರಲ್ಲಿ ಮೊದಲೇ ಒಂದು ಪುಟಕ್ಕೆ ಗುರುತಿಗೆಂದು ತೆಂಗಿನ ಗರಿಕಡ್ಡಿ ಇಟ್ಟಿದ್ದಳು. ಅಂದರೆ ನಾನು ಹೀಗೇ ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು. ಬೆರಳಿಟ್ಟು ತೋರಿಸಿದಳು. ಅನ್, ಅನುಕೂಲ, ಸೇರಿದರೆ ಅನನುಕೂಲ. ನಡುವೆ ದೀರ್ಘ ಎಲ್ಲಿಂದ ಬರಬೇಕು? ನಾನು ಇಪ್ಪತ್ತು ವರ್ಷದಿಂದ 'ಅನಾನುಕೂಲ' ಎಂದೇ ಬರೆಯುತ್ತಿದ್ದೆ. ಯಾರೂ ಹೇಳಿರಲಿಲ್ಲ. ಕನ್ನಡ ಮೇಜರ್!

"ತಪ್ಪು ನಂದೇ ಕಣೇ" ಎಂದೆ. ಬಾಯಿಂದ ಹೊರಗೆ ಬರಲು ಆ ಮೂರು ಮಾತು ಬಹಳ ಸತಾಯಿಸಿದವು. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಉತ್ತರ ಪತ್ರದಲ್ಲೇ ಬರಿಬೇಕು" ಎಂದಳು.

ಉತ್ತರ ಬರೆಯಲು ನನಗೆ ಎರಡು ದಿನ ಹಿಡಿಯಿತು. ಮೊದಲ ಸಲ ಬರೆದದ್ದರಲ್ಲಿ ನಾನು ಪಟ್ಟ ಕಷ್ಟಗಳೇ ಮುಕ್ಕಾಲು ಪುಟ ಇದ್ದವು, ಹರಿದು ಹಾಕಿದೆ. ಎರಡನೆಯದು ಉಪದೇಶವಾಯಿತು, ಅದನ್ನೂ ಒಲೆಗೆ ಹಾಕಿದೆ. ಖಾಲಿ ಹಾಳೆಯ ಮುಂದೆ ಕೂತು ಮೊದಲ ಸಾಲು ಹೇಗೆ ಬರೆಯುವುದೆಂದು ಒದ್ದಾಡುವಾಗ, ಅಷ್ಟೂ ಮಂಗಳವಾರ ಅವಳು ಏನು ಅನುಭವಿಸಿದಳೆಂದು ಅಂದಾಜಾಯಿತು. ಕೊನೆಗೆ ಉಳಿದದ್ದು ಇಷ್ಟೇ: 'ಮಾನ್ಯರೇ, ತಮ್ಮ ಪತ್ರದಲ್ಲಿರುವುದೆಲ್ಲ ನಿಜ. ಎಂಟನೇ ತರಗತಿಗೆ ಶಾಲೆಗೆ ಸೇರಿಸುತ್ತೇನೆ. ಅಲ್ಲಿಯವರೆಗೆ ತಾವು ಕೊಟ್ಟಾಗ ಮಾತ್ರ ಓದುತ್ತೇನೆ.'

ಆಮೇಲೆ ಒಂದು ತಿಂಗಳು ಅವಳು ಏನೂ ಕೊಡಲಿಲ್ಲ. ಬರೆಯುತ್ತಿದ್ದಳು, ಮುಚ್ಚಿಡುತ್ತಿದ್ದಳು. ಮಂಚದ ಮೇಲೆ ಪುಸ್ತಕ ಬಿದ್ದಿರುವುದು, ಮನೆಯಲ್ಲಿ ಯಾರೂ ಇಲ್ಲದಿರುವುದು, ನಾನು ಅದನ್ನು ಮುಟ್ಟದೆ ಹಾಸಿಗೆ ಮಡಿಸಿಡುವುದು. ಇದು ಎಂಥ ತಪಸ್ಸೆಂದು ಮಕ್ಕಳಿರುವವರಿಗೇ ಗೊತ್ತು. ಒಂದು ದಿನ ತಾನಾಗಿ ತಂದು ಕೊಟ್ಟಳು. ಹನುಮಯ್ಯನವರ ಕಥೆಯೇ, ಈಗ ಆರು ಪುಟ, 'ಬುಡತ್ತಾಗೆ' ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು. ಓದಿ, "ಆಮೇಲೆ ಏನಾಯ್ತು?" ಎಂದು ಕೇಳಿದೆ. ಅಷ್ಟೇ ಕೇಳಿದೆ. ಅವಳು ಮತ್ತೆರಡು ಪುಟ ಬರೆದಳು. ಆ ಶುಕ್ರವಾರ 'ಬುಡತ್ತಾಗೆ' ಎನ್ನುವುದನ್ನು ಇಂಗ್ಲಿಷಿಗೆ ತರಲು ತಾಯಿ ಮಗಳು ಇಡೀ ಮಧ್ಯಾಹ್ನ ಗುದ್ದಾಡಿ ಸೋತೆವು. ಇಂಗ್ಲಿಷಿನ ಮೇಲೆ ಅವಳಿಗೆ ಮೊದಲ ಸಲ ಕನಿಕರ ಬಂತು.

ಕಳೆದ ಜೂನ್‌ನಲ್ಲಿ ಅವಳನ್ನು ಕರೆದುಕೊಂಡು ನಮ್ಮ ಹೋಬಳಿಯ ಸರ್ಕಾರಿ ಹೈಸ್ಕೂಲಿಗೆ ಹೋದೆ. ಹೆಡ್ಮಾಸ್ಟರು ವಯಸ್ಸಾದವರು, ಕಾಗದಪತ್ರ ತಿರುವಿ ಹಾಕಿ, "ಏಳನೇ ಕ್ಲಾಸು ಎಲ್ಲಿ ಓದಿದ್ದು?" ಎಂದು ಅವಳನ್ನೇ ಕೇಳಿದರು.

"ಮನೇಲಿ ಸಾರ್."

"ಯಾರಮ್ಮ ಪಾಠ ಮಾಡಿದ್ದು?"

ನನ್ನ ಕಡೆ ಕೈ ತೋರಿಸಿದಳು. ಪರೀಕ್ಷೆ ಮಾಡೋಣವೆಂದು ಅವರು ಲೆಕ್ಕ ಕೊಟ್ಟರು, ಮಾಡಿದಳು. ಇಂಗ್ಲಿಷ್ ಓದಿಸಿದರು, ಓದಿದಳು. ಒಂದು ಹಾಳೆ ಕೊಟ್ಟು, "ಬರೋವಾಗ ದಾರಿಲಿ ಏನ್ ನೋಡಿದೆ, ಬರಿ" ಎಂದರು. ಅವಳು ಬರೆಯುವಾಗ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಹೆಡ್ಮಾಸ್ಟರು ಹಾಳೆಯನ್ನು ಓದಿದರು, ಇನ್ನೊಂದು ಸಲ ಓದಿದರು.

"ನಿಮ್ಮಮ್ಮ ಹೆಂಗಮ್ಮ ಹೇಳ್ಕೊಡ್ತಿದ್ರು?"

"ಬೈತಿದ್ರು ಸಾರ್" ಎಂದಳು. ನನ್ನ ಮುಖ ಕೆಂಪಾಯಿತು. ಅವಳು ಸ್ವಲ್ಪ ಯೋಚಿಸಿ, "ಆದ್ರೆ ತಪ್ಪು ತೋರ್ಸಿದ್ರೆ ತಿದ್ಕಂತಿದ್ರು" ಎಂದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ನಮ್ಮಲ್ಲಿ ಒಂದು ವರ್ಷದಿಂದ ಕನ್ನಡ ಮೇಷ್ಟ್ರಿಲ್ಲ ಕಣಮ್ಮ. ಬರ್ದು ಬರ್ದು ಸಾಕಾಯ್ತು. ನೀವು ವಾರಕ್ಕೆರಡು ದಿನ ಬರೋಕಾಗುತ್ತಾ?"

ಕನ್ನಡ ನಾಡಿನ ನಟ್ಟನಡುವೆ, ಕನ್ನಡ ಶಾಲೆಯಲ್ಲಿ, ಒಂದು ವರ್ಷದಿಂದ ಕನ್ನಡ ಮೇಷ್ಟ್ರಿಲ್ಲ! ನನಗೆ ಉರಿದುಹೋಯಿತು. "ಒಂದು ವರ್ಷ ಮಕ್ಕಳು ಏನ್ ಮಾಡಿದ್ರು ಸಾರ್?" ಎಂದು ಕೇಳಿದ್ದಕ್ಕೆ ಅವರು ಮೆಲ್ಲಗೆ, "ಗೈಡು" ಎಂದರು.

"ಬತ್ತೀನಿ ಬುಡಿ ಸಾರ್" ಎಂದುಬಿಟ್ಟೆ.

"ಅಯ್ಯೋ ಬ್ಯಾಡಿ ಸಾರ್!" ಎಂದಳು ಸಿಂಚನ, ಕುರ್ಚಿಯಿಂದ ಎದ್ದೇ ನಿಂತು. ಆಮೇಲೆ ನಮ್ಮಿಬ್ಬರ ಮುಖ ನೋಡಿ, ದನಿ ತಗ್ಗಿಸಿ, "ನಮ್ ಕ್ಲಾಸಿಗೆ ಬ್ಯಾಡ. ಒಂಬತ್ತನೇ ಕ್ಲಾಸಿಗೆ ಬೇಕಾದ್ರೆ ಹೇಳ್ಕೊಡ್ಲಿ" ಎಂದಳು.

ಹೆಡ್ಮಾಸ್ಟರು ಹಾಗೇ ಬರೆದುಕೊಂಡರು. ಮಂಗಳವಾರ, ಶುಕ್ರವಾರ, ಒಂಬತ್ತನೇ ತರಗತಿ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿದಳು.

"ಅಮ್ಮ, ಮುಂದಿನ ವರ್ಷ ನಾನೂ ಒಂಬತ್ತನೇ ಕ್ಲಾಸಲ್ವಾ?"

"ಹೂಂ ಕಣೇ."

ಅದು ನನಗೂ ಆಗಲೇ ಹೊಳೆದದ್ದು. ಅವಳು ನನ್ನ ಮುಂದೆ ಬೆರಳೆತ್ತಿದಳು.

"ಹೋಗ್ಲಿ ಬುಡು. ಆದ್ರೆ ಆಗ್ಲೂ ನಾನ್ ಕೊಟ್ಟಾಗ್ಲೇ ಓದ್ಬೇಕು."